‘ಗಣಿತ ತಲಿಗಿ ಹತ್ತಂಗಿಲ್ರೀ’

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಂಕ ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ನೋಂದಣಿ ಸಂಖ್ಯೆ, ಹುಟ್ಟಿದ ತಾರೀಖು ಒತ್ತಿದರೆ ಮೊಬೈಲಿನಲ್ಲೇ ಎಲ್ಲ ಬಂದುಬಿಡುತ್ತದೆ. ಗೋಕಾಕ ತಾಲ್ಲೂಕಿನ ಮಮದಾಪುರದಂಥ ಊರಿನಲ್ಲಿ ಯಾರ ಮಗ ಪಾಸು, ಯಾರ ಮಗಳು ನಪಾಸು ಎಂಬ ಸುದ್ದಿ ಮಧ್ಯಾಹ್ನದೊಳಗೆ ಓಣಿ ಓಣಿ ತಿರುಗಿ ಹಳತಾಗಿರುತ್ತದೆ. ಹಳತಾಗದ್ದು ಅದರ ಬೆನ್ನಿಗೇ ಹುಟ್ಟುವ ‘ಯಾಕ?’ ಎಂಬ ಪ್ರಶ್ನೆ. ಅದಕ್ಕೆ ಕೊಡುವ ಉತ್ತರಗಳು ವರ್ಷಗಟ್ಟಲೆ ಬಾಳುತ್ತವೆ.

ಗಣಿತದಲ್ಲಿ ನಪಾಸಾಗಿ ಕೂತ ಹುಡುಗನೊಬ್ಬನ ಉತ್ತರಗಳನ್ನು ಬೆನ್ನುಹತ್ತಿ ನೋಡಿ. ಗೆಳೆಯರ ನಡುವೆ ನಿಂತಾಗ ‘ಪೇಪರ ಭಾಳ ಹಾರ್ಡ ಬಂದಿತ್ತಲೇ’ ಅನ್ನುತ್ತಾನೆ. ಹೊಲದಿಂದ ಬಂದ ಅಪ್ಪ ಎದುರಿಗೆ ಕೂತು ಕೇಳಿದರೆ ತಲೆ ತಗ್ಗಿಸಿ ‘ಇನ್ನೊಂದೀಟ ಓದಬೇಕಾಗಿತ್ತು’. ಸಾಲಿಗೆ ಹೋದರೆ ‘ಮುಂದಿನ ಸಲ ಪಾಸ್ ಆಗತೀನ್ರಿ ಸರ’. ಊರಿಗೆ ಬಂದ ಸೋದರಮಾವ ವಿಚಾರಿಸಿದರೆ ‘ನಮಗ ಗಣಿತದ ಮಾಸ್ತರನ ಇರಲಿಲ್ಲ ಮಾಮಾ’. ಇವೆಲ್ಲ ಕೇಳುವವರ ಮುಖ ನೋಡಿ ಹೇಳುವ ಮಾತುಗಳು, ಒಂದೊಂದರಲ್ಲೂ ಅಷ್ಟಿಷ್ಟು ಸತ್ಯವಿದೆ. ಆದರೆ ಯಾರೂ ಕೇಳದಿದ್ದಾಗ ತನಗೆ ತಾನೇ ಹೇಳಿಕೊಳ್ಳುವ ಮಾತು ಬೇರೆಯೇ ಇರುತ್ತದೆ: ‘ಗಣಿತ ನನ್ನ ತಲಿಗಿ ಹತ್ತಂಗಿಲ್ಲ.’ ಮುಂದಿನ ಪರೀಕ್ಷೆಯ ಅರ್ಜಿ ತುಂಬುವುದೋ ಬಿಡುವುದೋ ಎಂಬುದನ್ನು ಈ ಕೊನೆಯ ಮಾತು ತೀರ್ಮಾನಿಸುತ್ತದೆ.

ಮನಃಶಾಸ್ತ್ರಜ್ಞರಿಗೆ ಈ ‘ಯಾಕ’ದ ಬಗ್ಗೆ ಹಳೆಯ ಕುತೂಹಲ. ಮನುಷ್ಯ ತನಗೆ ಆದದ್ದಕ್ಕೆಲ್ಲ ಕಾರಣ ಹುಡುಕದೆ ಇರಲಾರ, ಆ ಅರ್ಥದಲ್ಲಿ ಬೀದಿಯಲ್ಲಿ ಹೋಗುವವನೂ ಒಬ್ಬ ಮನಃಶಾಸ್ತ್ರಜ್ಞನೇ ಎಂದು ವಾದಿಸಿದ ಫ್ರಿಟ್ಜ್ ಹೈಡರ್ 1958ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ವೈನರ್ ಆ ವಿಚಾರವನ್ನು ಶಾಲೆಯೊಳಕ್ಕೆ ತಂದರು. ಮಕ್ಕಳು ಸಾಮಾನ್ಯವಾಗಿ ಕೊಡುವ ಕಾರಣ ನಾಲ್ಕು: ಬುದ್ಧಿ, ಶ್ರಮ, ಪ್ರಶ್ನೆಪತ್ರಿಕೆಯ ಕಷ್ಟ, ಅದೃಷ್ಟ. ವೈನರ್ ಇವುಗಳಿಗೆ ಮೂರು ಪ್ರಶ್ನೆ ಹಾಕಿದರು. ಕಾರಣ ನನ್ನೊಳಗಿದೆಯೋ ಹೊರಗೋ? ಅದು ಹಾಗೇ ಉಳಿಯುವಂಥದ್ದೋ, ಬದಲಾಗುವಂಥದ್ದೋ? ನನ್ನ ಕೈಯಲ್ಲಿದೆಯೋ ಇಲ್ಲವೋ?

ಗೋಕಾಕದ ಮಾತನ್ನು ಈ ತೂಕಕ್ಕೆ ಹಾಕಿದರೆ, ‘ಓದಲಿಲ್ಲ’ ಎನ್ನುವುದು ಒಳಗಿನ ಕಾರಣ. ಆದರೆ ನಾಳೆಯೇ ಬದಲಾಗಬಹುದು, ಕೈಯಲ್ಲೂ ಇದೆ. ‘ಪೇಪರ ಹಾರ್ಡ’ ಹೊರಗಿನದು, ಕೈಯಲ್ಲಿಲ್ಲ, ಆದರೂ ಮುಂದಿನ ಸಲ ಹಗುರ ಬಂದೀತು ಎಂಬ ಆಸೆಗೆ ಅಲ್ಲಿ ಜಾಗವಿದೆ. ‘ನಮ್ಮ ಹಣೆಬರದಾಗ ಇದ್ದದ್ದ ಅಷ್ಟ’ ಎಂಬ ಮಾತೂ ಕೈಗೆ ಸಿಗದ್ದೇ, ಆದರೆ ಅದು ಅಳುವವರನ್ನು ಸಮಾಧಾನ ಮಾಡುತ್ತದೆ. ಹಣೆಬರಹವನ್ನು ನಂಬುವವರೆಲ್ಲ ಕೈಚೆಲ್ಲಿ ಕೂತವರು ಎಂದು ಪೇಟೆಯವರು ತಿಳಿದಿರುವುದೇ ತಪ್ಪು. ಹಣೆಬರಹ ಅನ್ನುತ್ತಲೇ ಮರುದಿನ ಮಗನನ್ನು ಕರೆದುಕೊಂಡು ಫಾರ್ಮ್ ತುಂಬಲು ಬರುವ ತಾಯಂದಿರು ಎಷ್ಟೋ. ಈ ಎಲ್ಲದರಲ್ಲಿ ಕೆಟ್ಟದ್ದು ‘ತಲಿಗಿ ಹತ್ತಂಗಿಲ್ಲ’ವೇ. ಒಳಗಿನದು, ಬದಲಾಗದ್ದು, ಕೈಯಲ್ಲಿಲ್ಲದ್ದು. ಮೂರೂ ಬಾಗಿಲು ಒಟ್ಟಿಗೆ ಮುಚ್ಚಿಕೊಂಡವು.

2024ರಲ್ಲಿ ರಾಜ್ಯದಲ್ಲಿ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ–1, 2, 3 ಎಂದು ವರ್ಷಕ್ಕೆ ಮೂರು ಅವಕಾಶ ಬಂದವು. ಒಳ್ಳೆಯದೇ ಆಯಿತು. ಆದರೆ ಮೂರು ಬಾಗಿಲು ತೆರೆದಿಟ್ಟರೂ ತನ್ನ ತಲೆಯೇ ಸರಿಯಿಲ್ಲ ಎಂದು ನಂಬಿದವನಿಗೆ ಮೂರೂ ಒಂದೇ. ಅವನು ಅಷ್ಟೊತ್ತಿಗೆ ಗೌಂಡಿ ಕೆಲಸಕ್ಕೋ ಟ್ರ್ಯಾಕ್ಟರ್ ಮೇಲಕ್ಕೋ ಹೋಗಿಬಿಟ್ಟಿರುತ್ತಾನೆ.

ಈ ಮಾತು ಅವನಿಗೆ ಎಲ್ಲಿಂದ ಬಂತು? ಹುಟ್ಟುವಾಗ ತಂದದ್ದಲ್ಲ. ಒಂದನೇ ಇಯತ್ತೆಯ ಮಗುವನ್ನು ಕೇಳಿದರೆ ತನಗೆ ಎಲ್ಲ ಬರುತ್ತದೆ ಎನ್ನುತ್ತದೆ. ಆಮೇಲೆ ದೊಡ್ಡವರು ಮಗುವಿನ ಎದುರಿಗೇ ಮಗುವಿನ ಬಗ್ಗೆ ಆಡುವ ಮಾತು ಕಿವಿಗೆ ಬೀಳತೊಡಗುತ್ತದೆ. ‘ಇವರಪ್ಪನೂ ಹಂಗ, ಮೂರನೇತ್ತಕ್ಕ ಬಿಟ್ಟಾಂವ.’ ‘ಅಣ್ಣ ಶ್ಯಾಣ್ಯಾ ಅದಾನ, ಇಂವಾ ಅಷ್ಟಕ್ಕಷ್ಟ.’ ಹಿಂದಿನ ಬೆಂಚಿಗೆ ಕಳಿಸುವುದು ಬಾಯಿಬಿಡದೆ ಆಡುವ ಮಾತು. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂದಮೇಲೆ ಎಂಟನೇ ತರಗತಿವರೆಗೆ ಮಕ್ಕಳನ್ನು ಅದೇ ಇಯತ್ತೆಯಲ್ಲಿ ಉಳಿಸುವುದು ನಿಂತಿತು. ನಪಾಸಿನ ಅವಮಾನ ತಪ್ಪಿಸಲು ಮಾಡಿದ ಆ ನಿಯಮದ ಹಿಂದಿದ್ದ ಕಾಳಜಿ ಸರಿಯಾದದ್ದೇ. ಆದರೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ವರ್ಷವರ್ಷವೂ ನೋಡಿ ಸರಿಪಡಿಸುವ ಉಳಿದರ್ಧ ಕೆಲಸ ಎಷ್ಟೋ ಕಡೆ ನಡೆಯಲೇ ಇಲ್ಲ. ಒಂಬತ್ತು ವರ್ಷ ಯಾರೂ ಏನೂ ಹೇಳದೆ, ಹತ್ತನೆಯ ವರ್ಷ ಇಡೀ ರಾಜ್ಯವೇ ಒಮ್ಮೆಲೇ ತೀರ್ಪು ಕೊಟ್ಟರೆ ಹದಿನಾರರ ಹುಡುಗ ‘ಭಾಗಾಕಾರ ಐದನೇ ಇಯತ್ತೆಯಲ್ಲೇ ತಪ್ಪಿತ್ತು’ ಎಂದುಕೊಳ್ಳುವುದಿಲ್ಲ. ತನ್ನ ತಲೆಯನ್ನೇ ದೂರುತ್ತಾನೆ.

ಇದು ಹೊಸ ರೋಗವೇನೂ ಅಲ್ಲ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ ಏಳನೇ ಇಯತ್ತೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದರೆ ಕನ್ನಡ ಸಾಲಿ ಮಾಸ್ತರಿಕೆ ಸಿಗುತ್ತಿತ್ತು, ಊರಲ್ಲಿ ಗೌರವ ಬೇರೆ. ನಪಾಸಾದವರು ಎಂಬತ್ತು ದಾಟಿದ ಮೇಲೂ ‘ನಾ ಮುಲ್ಕಿ ಫೇಲ್ ರೀ’ ಎಂದೇ ಪರಿಚಯ ಹೇಳಿಕೊಳ್ಳುತ್ತಿದ್ದರು. ಜೀವಮಾನವಿಡೀ ಒಕ್ಕಲುತನ ಮಾಡಿ, ಎತ್ತು ಕೊಂಡು ಮಾರಿ, ಬಡ್ಡಿ ಲೆಕ್ಕವನ್ನು ಬಾಯಲ್ಲೇ ಹಾಕಬಲ್ಲ ಮನುಷ್ಯ ಗಣಿತ ತನಗೆ ಬರುವುದಿಲ್ಲ ಎಂದು ನಂಬಿದ್ದು ಹೀಗೆ.

ಗಂಡುಹುಡುಗರಿಗೊಂದು, ಹೆಣ್ಣುಹುಡುಗಿಯರಿಗೊಂದು ಕಾರಣ ಹಂಚುವುದರಲ್ಲೂ ನಾವು ಗಟ್ಟಿಗರು. ಹುಡುಗ ಒಳ್ಳೆಯ ಅಂಕ ತೆಗೆದರೆ ‘ಶ್ಯಾಣ್ಯಾ ಅದಾನ’. ಹುಡುಗಿ ಅಷ್ಟೇ ತೆಗೆದರೆ ‘ಭಾಳ ಕಷ್ಟಪಟ್ಟ ಓದ್ಯಾಳ, ಬಾಯಿಪಾಠ ಮಾಡ್ಯಾಳ’. ನಪಾಸಾದಾಗ ಮಾತು ತಿರುಗುತ್ತದೆ. ಹುಡುಗನಿಗೆ ‘ತಲಿ ಚೊಲೋ ಐತಿ, ಓದಂಗಿಲ್ಲ. ಓದಿದ್ರ ಯಾರ ಅಪ್ಪಗೂ ಕೇಳಂಗಿಲ್ಲ’. ಹುಡುಗಿಗೆ ‘ಪಾಪ, ಓದತಾಳ, ಆದ್ರ ಅಕಿ ತಲಿ ಅಷ್ಟ’. ಅಮೆರಿಕದ ತರಗತಿಗಳಲ್ಲಿ ಕ್ಯಾರಲ್ ಡ್ವೆಕ್ ಮತ್ತು ಸಂಗಡಿಗರು 1978ರಲ್ಲಿ ಗಮನಿಸಿದ್ದೂ ಇದಕ್ಕೆ ಬಹಳ ಹತ್ತಿರ. ಅಲ್ಲಿ ಶಿಕ್ಷಕರು ಹುಡುಗರನ್ನು ಬೈಯುತ್ತಿದ್ದದ್ದು ಹೆಚ್ಚಾಗಿ ಗಲಾಟೆಗೆ, ಅಶಿಸ್ತಿಗೆ. ಹುಡುಗಿಯರ ತಪ್ಪು ತೋರಿಸುವಾಗ ಮಾತ್ರ ಅದು ಅವರ ಬುದ್ಧಿಗೇ ತಗಲುತ್ತಿತ್ತು. ಹುಡುಗ ಆ ಬೈಗುಳವನ್ನು ಕೊಡವಿಕೊಂಡು ನಡೆದ, ಹುಡುಗಿ ನಂಬಿದಳು.

ವಿಚಿತ್ರವೆಂದರೆ ನಮ್ಮ ಅಂಕಿಸಂಖ್ಯೆ ಈ ಮಾತನ್ನು ಪ್ರತಿವರ್ಷ ಸುಳ್ಳು ಮಾಡುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರು ಪಾಸಾದದ್ದು ಶೇ 81.11, ಹುಡುಗರು ಶೇ 65.90. ಅಂತರ ಹದಿನೈದು ಅಂಶ. ಆದರೂ ‘ಶ್ಯಾಣ್ಯಾ’ ಪಟ್ಟ ಹುಡುಗನದ್ದೇ. ಹಳ್ಳಿಯ ಹುಡುಗಿ ಯಾಕೆ ಅಷ್ಟು ಓದುತ್ತಾಳೆ ಎಂದು ಕೇಳಿದರೆ ಉತ್ತರ ಮನಃಶಾಸ್ತ್ರದ ಪುಸ್ತಕದಲ್ಲಿ ಸಿಗುವುದಿಲ್ಲ. ನಪಾಸಾದ ಹುಡುಗನಿಗೆ ಬೈಕಿನ ಕೀಲಿ ಸಿಗುತ್ತದೆ, ನಪಾಸಾದ ಹುಡುಗಿಗೆ ನೋಡಲು ಗಂಡಿನ ಕಡೆಯವರು ಬರುತ್ತಾರೆ. ಪರೀಕ್ಷೆ ಅವಳಿಗೆ ಮದುವೆಯನ್ನು ಎರಡು ವರ್ಷ ಮುಂದೂಡಿಸಿಕೊಳ್ಳುವ ಅರ್ಜಿ ಇದ್ದಂತೆ. ಅವಳು ‘ದೇವರ ದಯಾ, ಅಕ್ಕೋರು ಚೊಲೋ ಕಲಿಸಿದ್ರು’ ಎಂದು ತನ್ನ ಗೆಲುವನ್ನು ಬೇರೆಯವರಿಗೆ ಒಪ್ಪಿಸಿಬಿಡುವಾಗ ವಿನಯವಂತೆ ಎಂದು ಮೆಚ್ಚಿಕೊಳ್ಳುತ್ತೇವೆ. ಆ ಗೆಲುವಿನಲ್ಲಿ ತನ್ನದೂ ಪಾಲಿದೆ ಎಂದು ಅವಳ ಬಾಯಿಂದ ಹೇಳಿಸುವವರು ಕಡಿಮೆ.

ಹುಡುಗರ ‘ಓದೇ ಇಲ್ಲ’ದಲ್ಲಿ ಒಂದು ಜಾಣತನ ಅಡಗಿದೆ. ಪರೀಕ್ಷೆಯ ಹಿಂದಿನ ದಿನ ಕಟ್ಟೆಯ ಮೇಲೆ ಕೂತು ‘ಪುಸ್ತಕ ಮುಟ್ಟಿಲ್ಲಪಾ’ ಎಂದು ಜಂಬ ಕೊಚ್ಚುವವರನ್ನು ಯಾರು ನೋಡಿಲ್ಲ? ಕ್ಯಾಲಿಫೋರ್ನಿಯಾದ ಮಾರ್ಟಿನ್ ಕೋವಿಂಗ್ಟನ್ ಇದನ್ನು 1979ರಲ್ಲಿ ಬಿಡಿಸಿ ತೋರಿಸಿದರು. ಓದಿ ನಪಾಸಾದರೆ ದಡ್ಡನೆಂದು ಸಾಬೀತಾಗುತ್ತದೆ, ಓದದೆ ನಪಾಸಾದರೆ ಸೋಮಾರಿ ಅಷ್ಟೇ. ಸೋಮಾರಿಗೆ ಮಾನ ಉಳಿಯುತ್ತದೆ. ಓದದೆ ಪಾಸಾದರಂತೂ ದೊಡ್ಡ ಬುದ್ಧಿವಂತ! ಅದಕ್ಕೇ ಕೆಲವರು ಓದನ್ನು ಬೇಕೆಂದೇ ಬಿಡುತ್ತಾರೆ, ಇನ್ನು ಕೆಲವರು ಕದ್ದು ಓದುತ್ತಾರೆ. ಶ್ರಮವೆಂಬುದು ಎರಡಲಗಿನ ಕತ್ತಿ ಎಂದರು ಕೋವಿಂಗ್ಟನ್. ಬೆತ್ತ ಹಿಡಿದು ‘ಓದು, ಓದು’ ಎನ್ನುವ ಮಾಸ್ತರಿಗೆ ಆ ಹುಡುಗ ಹೆದರುವುದು ಪುಸ್ತಕಕ್ಕಲ್ಲ, ಓದಿಯೂ ಬರದಿದ್ದರೆ ಎಂಬ ಸಂಶಯಕ್ಕೆ ಎಂಬುದು ತಿಳಿದಿರುವುದಿಲ್ಲ.

ಈಗ ನಾವು ಎತ್ತಿ ಆಡಲು ಇಷ್ಟಪಡದ ಒಂದು ವಿಷಯಕ್ಕೆ ಬರಬೇಕು. ಕಾಪಿ.

2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದರೂ 2024ರ ಫಲಿತಾಂಶ ಶೇ 73.40ಕ್ಕೆ ನಿಂತಿತು. 2025ರಲ್ಲಿ ಆ ಹೆಚ್ಚಿನ ಕೃಪಾಂಕವೂ ಇಲ್ಲದೆ ಶೇ 62.34. ಚಿತ್ರದುರ್ಗ 2023ರಲ್ಲಿ ಶೇ 96.8ರೊಂದಿಗೆ ರಾಜ್ಯಕ್ಕೇ ಮೊದಲು, 2024ರಲ್ಲಿ ಶೇ 72.85. ಒಂದು ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿ ಅಷ್ಟು ಕುಸಿಯುವುದಿಲ್ಲ, ಶ್ರಮವೂ ಅಷ್ಟು ಕುಸಿಯಲಾರದು. ಗೋಕಾಕ, ಮೂಡಲಗಿ, ಹುಕ್ಕೇರಿಗಳು ಸೇರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ 2024ರ ಫಲಿತಾಂಶ ಶೇ 69.82, ರಾಜ್ಯದ ಸರಾಸರಿಗಿಂತ ಕೆಳಗೆ.

ಕಾಪಿಯ ಬಗ್ಗೆ ನೀತಿ ಹೇಳುವವರು ಬಹಳ ಜನ ಇದ್ದಾರೆ. ನನಗೆ ಕಾಡುವುದು ಬೇರೆ. ಕಿಟಕಿಯಿಂದ ಚೀಟಿ ಬಂದು ಪಾಸಾದವನು ತನ್ನ ಗೆಲುವಿಗೆ ಏನು ಕಾರಣ ಕೊಟ್ಟುಕೊಳ್ಳಬೇಕು? ತಲೆಯೂ ಅಲ್ಲ, ಶ್ರಮವೂ ಅಲ್ಲ. ‘ನಮ್ಮ ಸೆಂಟರ್ ಫ್ರೀ ಇತ್ತು’ ಅಷ್ಟೇ. ಓದಿ ಪಾಸಾಗಬಲ್ಲ ಪಕ್ಕದ ಬೆಂಚಿನವಳಿಗೂ ತನ್ನ ಅಂಕ ತನ್ನದೇ ಎಂದು ಊರ ಮುಂದೆ ಹೇಳಿಕೊಳ್ಳಲು ಆಗುವುದಿಲ್ಲ, ಏಕೆಂದರೆ ಆ ಸೆಂಟರಿನ ಹೆಸರು ಎಲ್ಲರಿಗೂ ಗೊತ್ತು. ಇಬ್ಬರ ಗೆಲುವೂ ವಾರಸುದಾರರಿಲ್ಲದ ಆಸ್ತಿಯಾಯಿತು. ಮುಂದೆ ಪಿಯುಸಿಯಲ್ಲಿ ಕೂತಾಗ ಹುಡುಗ ‘ಅಲ್ಲಿ ಬಿಟ್ಟಿದ್ರು, ಇಲ್ಲಿ ಬಿಡಲಿಲ್ಲ’ ಎನ್ನುತ್ತಾನೆ. ಗೆದ್ದಾಗಲೂ ಸೋತಾಗಲೂ ಅವನ ಕೈಯಲ್ಲಿ ಏನೂ ಇರಲಿಲ್ಲ. ಹತ್ತು ವರ್ಷದ ಶಾಲೆ ಅವನಿಗೆ ಕಲಿಸಿದ್ದು ಇದನ್ನು. ಕಾಪಿ ಇಲ್ಲದೆಯೂ ಗೆಲುವು ಹೀಗೆ ಕೈತಪ್ಪಬಹುದು. 2021ರ ಕೋವಿಡ್ ವರ್ಷ ಬಹುಆಯ್ಕೆಯ ಪ್ರಶ್ನೆ ಕೊಟ್ಟು, ಬೇರೆಯವರಿಂದ ಪರೀಕ್ಷೆ ಬರೆಸಿದ ಒಬ್ಬ ಅಭ್ಯರ್ಥಿಯನ್ನು ಬಿಟ್ಟು ಎಲ್ಲರನ್ನೂ ಪಾಸು ಮಾಡಿದರು. ಅಂದಿನ ಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ಆ ಬ್ಯಾಚಿನವರನ್ನು ‘ಕೊರೊನಾ ಪಾಸ್’ ಎಂದು ಚುಡಾಯಿಸುವುದು ಎಷ್ಟು ದಿನ ನಡೆಯಿತು ಎಂಬುದನ್ನು ಅವರನ್ನೇ ಕೇಳಬೇಕು.

ಹಾಗಾದರೆ ಮಕ್ಕಳೆಲ್ಲ ‘ನನ್ನ ಶ್ರಮ ಸಾಲಲಿಲ್ಲ’ ಎಂದು ಹೇಳಿಕೊಂಡರೆ ಎಲ್ಲ ಸರಿಹೋಯಿತೇ? ಪ್ರೇರಣಾ ಭಾಷಣಕಾರರು ಹಾಗೆಂದೇ ಹೇಳುತ್ತಾರೆ. ಶಾಲೆ ಶಾಲೆಗೆ ಬಂದು ಮೈಕ್ ಹಿಡಿದು, ಮನಸ್ಸು ಮಾಡಿದರೆ ಏನು ಬೇಕಾದರೂ ಸಾಧ್ಯ ಎಂದು ಕೂಗಿಸಿ ಹೋಗುತ್ತಾರೆ. ನನಗೆ ಅದನ್ನು ಕೇಳಿದಾಗ ಸಿಟ್ಟು ಬರುತ್ತದೆ.

ಘಟಪ್ರಭಾ ಕಾಲುವೆ ಹರಿಯುವ ಈ ಸೀಮೆ ಕಬ್ಬಿನದ್ದು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿಂದ ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಶುರುವಾದರೆ ಫೆಬ್ರುವರಿ, ಮಾರ್ಚ್‌ವರೆಗೂ ಎಳೆಯುತ್ತದೆ. ಹತ್ತನೆಯ ತರಗತಿಯ ಪಾಠ ಮುಗಿದು ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. ಕಟಾವಿನ ಗ್ಯಾಂಗಿನ ಜೊತೆ ಹೋದ ಮನೆಯ ಮಗುವಿಗೆ ಆ ತಿಂಗಳುಗಳು ಶಾಲೆಯ ಲೆಕ್ಕಕ್ಕೇ ಬರುವುದಿಲ್ಲ. ಸ್ವಂತ ಹೊಲ ಇದ್ದವರ ಮಗನೂ ಪಾರಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗುವವನು ಅವನೇ. ಬೆಳಗ್ಗೆ ಗಣಿತದ ತಾಸಿನಲ್ಲಿ ತೂಕಡಿಸುತ್ತಾನೆ. ಮಾಸ್ತರು ಅವನನ್ನು ಎಬ್ಬಿಸಿ ನಿಲ್ಲಿಸಿ ‘ಲಕ್ಷ್ಯ ಎಲ್ಲೈತಿ?’ ಎನ್ನುತ್ತಾರೆ. ಆ ಪ್ರಶ್ನೆಗೆ ಅವನ ಬಳಿ ಖರೆ ಉತ್ತರವಿದೆ, ಆದರೆ ಅದು ಶಾಲೆಯಲ್ಲಿ ನಡೆಯುವ ಉತ್ತರವಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದಾಗ ನದಿದಂಡೆಯ ಊರುಗಳಲ್ಲಿ ಮನೆಗಳೊಂದಿಗೆ ಪಾಟಿಚೀಲಗಳೂ ಹೋದವು. ಆ ವರ್ಷದ ಅಂಕಪಟ್ಟಿಯಲ್ಲಿ ಪ್ರವಾಹಕ್ಕೊಂದು ಕಾಲಮ್ಮು ಇರಲಿಲ್ಲ.

2024ರಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59. ಯಾದಗಿರಿಯ ಮಕ್ಕಳಿಗೆ ಬುದ್ಧಿ ಅರ್ಧ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಯಾದಗಿರಿಯ ಒಂದು ಮಗು ನಪಾಸಾದಾಗ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ 1966ರ ತಮ್ಮ ದೊಡ್ಡ ವರದಿಯಲ್ಲಿ, ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವನೆಗೂ ಕಪ್ಪು ಮಕ್ಕಳ ಓದಿಗೂ ಗಾಢ ನಂಟಿದೆ ಎಂದು ಬರೆದರು. ಆ ಭಾವನೆ ಭಾಷಣ ಮಾಡಿ ಹುಟ್ಟಿಸುವಂಥದ್ದಲ್ಲ. ನಿಜಕ್ಕೂ ಕೈಯಲ್ಲಿ ಏನಾದರೂ ಇರಬೇಕು.

ಆ ಭಾವನೆಯನ್ನು ಕಸಿಯುವುದು ಮಾತ್ರ ಸುಲಭ. ಉತ್ತರ ಪ್ರದೇಶದ ಹಳ್ಳಿಯಲ್ಲಿ ಸಂಶೋಧಕರಾದ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗವೊಂದು ನಮ್ಮ ಶಿಕ್ಷಕರ ತರಬೇತಿಯಲ್ಲಿ ಕಡ್ಡಾಯವಾಗಿ ಇರಬೇಕಿತ್ತು. ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ಚಕ್ರವ್ಯೂಹದಂಥ ದಾರಿಗಳನ್ನು ಬಿಡಿಸಲು ಕೊಟ್ಟರು, ಬಿಡಿಸಿದ್ದಕ್ಕೆ ದುಡ್ಡು. ಜಾತಿಯ ಮಾತೆತ್ತದಿದ್ದಾಗ ಮೇಲ್ಜಾತಿಯವರೂ ಕೆಳಜಾತಿಯವರೂ ಸರಿಸಮ ಬಿಡಿಸಿದರು. ಹುಡುಗರ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಇಳಿದುಬಿಟ್ಟಿತು. ಹುಡುಗರ ತಲೆ ಅದೇ, ಆಟ ಅದೇ. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ನಿಂತು ಜಾತಿ ಸಮೇತ ಓದುವ ರೂಢಿ ಇರುವ ಕಡೆ ಇದನ್ನು ನೆನೆಸಿಕೊಳ್ಳಬೇಕು.

ಗೆದ್ದವರ ಕಥೆಯನ್ನೂ ನಾವು ಹೀಗೇ ಅರ್ಧ ಹೇಳುತ್ತೇವೆ. ಜೂನ್ ಬಂತೆಂದರೆ ಗೋಕಾಕದ ರಸ್ತೆಗಳಲ್ಲಿ ಫ್ಲೆಕ್ಸ್‌ಗಳು: ನಡುವೆ ಮಕ್ಕಳ ಪಾಸ್‌ಪೋರ್ಟ್ ಫೋಟೊ, ಮೇಲೆ ಪುಢಾರಿಗಳದ್ದು ಅದಕ್ಕಿಂತ ದೊಡ್ಡದು. ಕೆಳಗೆ ‘ಸತತ ಪರಿಶ್ರಮದ ಫಲ’. 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲಿಗಳಾದ ಹುಡುಗಿ ಇಲ್ಲಿಗೆ ದೂರದವಳಲ್ಲ, ಮೂಡಲಗಿಯ ಮಗ್ಗುಲಿನ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದವಳು, ರೈತನ ಮಗಳು. ಪರಿಶ್ರಮ ಅವಳದೇ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ವಸತಿ ಶಾಲೆ ಎಂದರೆ ಊಟ, ನಿದ್ದೆ, ಓದುವ ತಾಸು, ಕೇಳಿದಾಗ ಹೇಳಿಕೊಡುವ ಶಿಕ್ಷಕರು, ರಾತ್ರಿ ನೀರು ಹಾಯಿಸುವ ಕೆಲಸದಿಂದ ಬಿಡುವು. ಈ ಎರಡನೆಯ ಸಾಲನ್ನು ಫ್ಲೆಕ್ಸಿನಲ್ಲಿ ಬರೆದರೆ ಅವಳ ಮಾನ ಕಡಿಮೆಯಾಗುವುದಿಲ್ಲ. ಆದರೆ ನೋಡುತ್ತ ನಿಂತ ನಪಾಸಾದ ಹುಡುಗನಿಗೆ ತನ್ನ ಸೋಲಿನ ಲೆಕ್ಕ ಬೇರೆ ಥರ ಕಾಣಬಹುದು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ಓದು ಬಡತನದಿಂದ ಒಮ್ಮೆ ನಿಂತೇಹೋಗಿತ್ತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಹೈಸ್ಕೂಲಿನ ಖರ್ಚು ವಹಿಸಿಕೊಂಡರು. ಕಂಬಾರರು ಗೋಕಾಕದಲ್ಲಿ ಓದಿದರು, ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಹೋದರು, ಮುಂದಿನದು ಜ್ಞಾನಪೀಠದವರೆಗಿನ ಕಥೆ. ಇದರಲ್ಲಿ ಬುದ್ಧಿಯ ಪಾಲೆಷ್ಟು, ದುಡಿಮೆಯದೆಷ್ಟು, ಮಠದ್ದೆಷ್ಟು? ಅಷ್ಟೇ ಬುದ್ಧಿ ಇದ್ದು, ಸ್ವಾಮಿಗಳ ಕಣ್ಣಿಗೆ ಬೀಳದೆ ಕುಲುಮೆಯಲ್ಲೇ ಉಳಿದುಹೋದ ಹುಡುಗನೊಬ್ಬ ಪಕ್ಕದ ಊರಿನಲ್ಲಿ ಇದ್ದಿರಬಹುದು. ಅವನು ತನ್ನ ಬಗ್ಗೆ ಏನೆಂದುಕೊಂಡ? ಅವನೂ ತಲಿಗಿ ಹತ್ತಂಗಿಲ್ಲ ಎಂದೇ ಅಂದುಕೊಂಡಿರುತ್ತಾನೆ.

ಹೀಗಿರುವಾಗ ಮಗುವಿನ ‘ಯಾಕ’ವನ್ನು ಶಾಲೆ ಏನು ಮಾಡಬಹುದು? ಡ್ವೆಕ್ 1975ರಲ್ಲಿ, ಒಂದು ತಪ್ಪಾದರೆ ಸಾಕು ಪೂರ್ತಿ ಕೈಬಿಟ್ಟು ಕೂರುವ ಹನ್ನೆರಡು ಮಕ್ಕಳನ್ನು ಆರಿಸಿಕೊಂಡರು. ಅರ್ಧ ಮಕ್ಕಳಿಗೆ ಗೆಲ್ಲುವಂಥ ಲೆಕ್ಕಗಳನ್ನೇ ಕೊಡುತ್ತ ಹೋದರು. ಉಳಿದರ್ಧಕ್ಕೆ ನಡುನಡುವೆ ಬೇಕೆಂದೇ ಸೋಲು ಇಟ್ಟು, ಇದಕ್ಕೆ ಇನ್ನಷ್ಟು ಪ್ರಯತ್ನ ಬೇಕಿತ್ತು ಎಂದು ತಿಳಿಸಿದರು. ಬರೀ ಗೆಲುವು ಉಂಡ ಮಕ್ಕಳು ಮುಂದೆ ಒಂದು ಸೋಲು ಬಂದಾಗ ಮತ್ತೆ ಕುಸಿದರು, ಎರಡನೆಯವರು ತಡೆದುಕೊಂಡರು. 1982ರಲ್ಲಿ ವಿಲ್ಸನ್ ಮತ್ತು ಲಿನ್‌ವಿಲ್ ಎಂಬ ಮನಃಶಾಸ್ತ್ರಜ್ಞರು ಇನ್ನೂ ಸರಳ ಕೆಲಸ ಮಾಡಿದರು. ಕಾಲೇಜಿನ ಮೊದಲ ವರ್ಷ ಅಂಕ ಕಡಿಮೆಯಾಗಿ ಕಂಗೆಟ್ಟವರಿಗೆ, ಮೊದಲ ವರ್ಷ ಬಹಳ ಜನಕ್ಕೆ ಹೀಗೇ ಆಗುತ್ತದೆ, ಆಮೇಲೆ ಏರುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳ ಬಾಯಿಂದ ಕೇಳಿಸಿದರು. ಅವರಲ್ಲಿ ಕಾಲೇಜು ಬಿಟ್ಟವರು ಕಡಿಮೆಯಾದರು. ಇವೆಲ್ಲ ಸಣ್ಣ ಪ್ರಯೋಗಗಳು, ಮಂತ್ರದಂಡವಲ್ಲ. ಬುದ್ಧಿ ಬೆಳೆಯುತ್ತದೆ ಎಂದು ಪಾಠ ಮಾಡುವ ಕಾರ್ಯಕ್ರಮವನ್ನು ಇಂಗ್ಲೆಂಡಿನಲ್ಲಿ ದೊಡ್ಡದಾಗಿ ನಡೆಸಿ ನೋಡಿದಾಗ ಅಂಕದಲ್ಲಿ ಲಾಭ ಕಾಣಲಿಲ್ಲ ಎಂದು 2019ರ ವರದಿ ಹೇಳಿತು.

ನಮ್ಮಲ್ಲಿ ಇದಕ್ಕಿಂತ ಒರಟಾದ, ಆದರೆ ಕೈಗೆ ಸಿಗುವ ಒಂದು ಸಾಧನವಿದೆ: ಪಾಸಿಂಗ್ ಪ್ಯಾಕೇಜ್. ಜನವರಿಯಿಂದ ಶಾಲೆಗಳಲ್ಲಿ ಜೆರಾಕ್ಸ್ ಹಾಳೆಗಳಾಗಿ ಓಡಾಡುತ್ತದೆ. ಗಣಿತದ ಲಿಖಿತ ಪರೀಕ್ಷೆ 80 ಅಂಕದ್ದು, 38 ಪ್ರಶ್ನೆ. ಪ್ಯಾಕೇಜಿನ ಮಾಸ್ತರು ಇಡೀ ಗಣಿತದ ಮಾತೇ ಎತ್ತುವುದಿಲ್ಲ. ಎರಡು ಸಮೀಕರಣ ಕೊಟ್ಟು ನಕ್ಷೆಯಿಂದ ಬಿಡಿಸಿ ಎಂಬುದಕ್ಕೆ 4 ಅಂಕ. x ಬೆಲೆ ಹಾಕು, y ತೆಗಿ, ಪಟ್ಟಿ ಬರಿ, ಚುಕ್ಕಿ ಇಡು, ಗೆರೆ ಎಳಿ. ಗೆರೆ ಎಲ್ಲಿ ಕೂಡತಾವ ಅಲ್ಲಿ ಉತ್ತರ. ಹುಡುಗ ಹತ್ತು ದಿನ ಬರೀ ಇದನ್ನೇ ಮಾಡುತ್ತಾನೆ. ಮೊದಲ ದಿನ ಋಣ ಚಿಹ್ನೆ ಬಂದಲ್ಲೆಲ್ಲ ಚುಕ್ಕಿ ತಪ್ಪು ಮನೆಗೆ ಬೀಳುತ್ತದೆ, ಗೆರೆ ಡೊಂಕಾಗುತ್ತದೆ. ಮಾಸ್ತರು ‘ದಡ್ಡ’ ಎನ್ನದೆ ‘ಮೈನಸ್ ಎರಡು ಯಾವ ಕಡೆ?’ ಎಂದು ಮಾತ್ರ ಕೇಳಿದರೆ ಹುಡುಗನಿಗೆ ಅಳಿಸಿ ಮತ್ತೆ ಇಡಲು ಒಂದು ಜಾಗ ಸಿಗುತ್ತದೆ. ಒಂದು ದಿನ ಗೆರೆಗಳು ಸರಿಯಾದ ಕಡೆ ಕೂಡುತ್ತವೆ. ಆಮೇಲೆ ಥೇಲ್ಸ್‌ನ ಪ್ರಮೇಯ, ಆಮೇಲೆ ಸರಾಸರಿಯ ಪಟ್ಟಿ.

ಶಿಕ್ಷಣತಜ್ಞರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಥೇಲ್ಸ್‌ನ ಪ್ರಮೇಯವನ್ನು ಭಜನೆ ಪದದಂತೆ ಬಾಯಿಪಾಠ ಮಾಡಿ ಬರೆದವನಿಗೆ ತ್ರಿಭುಜವನ್ನು ತಿರುಗಿಸಿಕೊಟ್ಟರೆ ಕಣ್ಣು ಬಿಡುತ್ತಾನೆ. ಪಿಯುಸಿಗೆ ಹೋಗಿ ಮತ್ತೆ ಕೂರುತ್ತಾನೆ. ಆದರೆ ಒಂದನ್ನು ಒಪ್ಪಬೇಕು. ‘ಗಣಿತ ತಲಿಗಿ ಹತ್ತಂಗಿಲ್ಲ’ ಎಂಬ ಬಂಡೆಯನ್ನು ಆ ಜೆರಾಕ್ಸ್ ಹಾಳೆ ಒಡೆದು ಚಿಕ್ಕ ಚಿಕ್ಕ ತುಂಡು ಮಾಡುತ್ತದೆ. ‘ನಕ್ಷಾ ಬರತೈತಿ, ತ್ರಿಕೋನಮಿತಿ ಬರಂಗಿಲ್ಲ’ ಎಂದು ಹುಡುಗ ಹೇಳತೊಡಗಿದ ದಿನ ಅವನ ಸೋಲಿಗೆ ಗಡಿ ಬಂತು. ಗಡಿ ಇರುವ ಸೋಲಿನ ಜೊತೆ ಮಾತುಕತೆ ಸಾಧ್ಯ. ಇದನ್ನು ಜನವರಿಯ ತುರ್ತಿಗೆ ಮಾಡದೆ ಐದನೇ ಇಯತ್ತೆಯ ಭಾಗಾಕಾರಕ್ಕೆ, ಆರನೆಯ ಇಯತ್ತೆಯ ಭಿನ್ನರಾಶಿಗೆ ಮಾಡಿದ್ದರೆ ಪ್ಯಾಕೇಜ್ ಎಂಬ ಹೆಸರೇ ಬೇಕಾಗುತ್ತಿರಲಿಲ್ಲ.

ಇನ್ನೊಂದು ಸಣ್ಣ ವ್ಯವಸ್ಥೆ ಈಗಾಗಲೇ ಇದೆ, ಆದರೆ ಬೇಕಾದವರಿಗೆ ತಲುಪುತ್ತಿಲ್ಲ. ಫಲಿತಾಂಶ ಬಂದಮೇಲೆ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಸಿಗುತ್ತದೆ. ನಾನು ಕಂಡಂತೆ ಅದನ್ನು ತರಿಸಿಕೊಳ್ಳುವವರು 610 ಬಂದವರು. 615 ಬರಬೇಕಿತ್ತು, ಎಲ್ಲಿ ಅಂಕ ಕತ್ತರಿಸಿದರು ಎಂದು ಪುಟ ಪುಟ ಹುಡುಕುತ್ತಾರೆ. ಅವರ ಸೋಲು ಐದು ಅಂಕದ್ದು, ಅದಕ್ಕೆ ಪುಟಸಂಖ್ಯೆ ಸಮೇತ ಕಾರಣ ಸಿಗುತ್ತದೆ. ಗಣಿತದಲ್ಲಿ 19 ಬಂದವನಿಗೆ ಶುಲ್ಕ ಭಾರ, ಅರ್ಜಿಯ ದಿನಾಂಕ ಗೊತ್ತಿರುವುದಿಲ್ಲ, ಗೊತ್ತಿದ್ದರೂ ‘ನೋಡಿ ಏನ ಮಾಡಾದೈತಿ’ ಎನ್ನುತ್ತಾರೆ ಮನೆಯಲ್ಲಿ. ಆ 19 ಎಲ್ಲಿಂದ ಬಂತು, ಯಾವ ಲೆಕ್ಕದ ಎಷ್ಟನೆಯ ಮೆಟ್ಟಿಲವರೆಗೆ ಸರಿ ಹೋಗಿದ್ದ ಎಂಬುದು ಅವನಿಗಾಗಲಿ ಮಾಸ್ತರಿಗಾಗಲಿ ತಿಳಿಯುವುದೇ ಇಲ್ಲ. ನಪಾಸಾದವರಿಗೆಲ್ಲ ಆ ಪ್ರತಿಯನ್ನು ಶುಲ್ಕವಿಲ್ಲದೆ ಶಾಲೆಗೇ ಕಳಿಸಿಕೊಟ್ಟು, ಪರೀಕ್ಷೆ–2ಕ್ಕೆ ಮೊದಲು ಮಾಸ್ತರ ಪಕ್ಕ ಕೂತು ನೋಡುವಂತೆ ಮಾಡಲು ಇಲಾಖೆಗೆ ಹೊಸ ಕಾನೂನೇನೂ ಬೇಕಾಗಲಾರದು.